ದಾವಣಗೆರೆಯ ಗಾಳಿಯ ತೂಕ

ಹರಿಹರದಿಂದ ದಾವಣಗೆರೆಗೆ ದಿನವೂ ರೈಲಿನಲ್ಲಿ ಹೋಗಿಬರುವ ನೂರಾರು ಜನರಲ್ಲಿ ಯಶೋದಾ ಒಬ್ಬಳು. ತಂದೆ ಗೋಣೆಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತವನು, ತಾಯಿ ಭೀಮವ್ವ ಅದೇ ಗಿರಣಿಯ ಅಂಗಳದಲ್ಲಿ ಅಕ್ಕಿ ಹಸನು ಮಾಡಿದವಳು. ಆ ಮನೆಯಿಂದ ಎಂ.ಎಸ್ಸಿ. ಮುಗಿಸಿ, ರಸಾಯನಶಾಸ್ತ್ರದ ಸಂಶೋಧನೆಗೆ ಹೆಸರು ನೋಂದಾಯಿಸಿದವಳು ಅವಳೊಬ್ಬಳೇ. ಹೊಟ್ಟೆಪಾಡಿಗೆ ದಾವಣಗೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಮನೆಗೆ ಬಂದವರಿಗೆ ಮೊದಲು ಕೂರಲು ಜಾಗ ಕೊಡುವುದು ಈ ಸೀಮೆಯ ರೂಢಿ. ಆ ಕಾಲೇಜಿನಲ್ಲಿ ಅತಿಥಿಗಳೆನಿಸಿಕೊಂಡವರಿಗೆ ಕುರ್ಚಿಯೂ ಇರಲಿಲ್ಲ, ಬೇಸಿಗೆ ರಜೆಯಲ್ಲಿ ಸಂಬಳವೂ ಇರಲಿಲ್ಲ. ಕಾಲೇಜಿನ ಹೆಸರು ಇಲ್ಲಿ ಬೇಕಾಗಿಲ್ಲ. ಅಲ್ಲಿ ನಡೆದದ್ದು ಮಾತ್ರ ಬೇಕು.

ಅಲ್ಲಿ ನಡೆಯುತ್ತಿದ್ದ ಕೆಲಸ ಸಣ್ಣದಲ್ಲ. ಹಳೆಯ ಕಾಲದ ಶೀತಕ ಅನಿಲಗಳು, ಬಟ್ಟೆ ಒಗೆಯುವ ದ್ರಾವಕಗಳು, ಬೆಂಕಿ ಆರಿಸುವ ದ್ರವಗಳು, ಇವುಗಳಲ್ಲಿ ಅನೇಕವು ಕ್ಲೋರಿನ್, ಫ್ಲೋರಿನ್, ಬ್ರೋಮಿನ್ ಹೊತ್ತ ವಸ್ತುಗಳು. ಇವು ಗಾಳಿಗೆ ಸೇರಿ ಮೇಲೇರಿದಾಗ ಬಿಸಿಲಿನ ತೀಕ್ಷ್ಣ ಕಿರಣ ತಾಗಿ ಅಣು ಒಡೆಯುತ್ತದೆ. ಒಡೆದ ತುಂಡಿಗೆ ರ‍್ಯಾಡಿಕಲ್ ಎಂದು ಹೆಸರು. ಜೊತೆ ಕಳೆದುಕೊಂಡ ಆ ತುಂಡು ಸುಮ್ಮನಿರಲಾರದು, ಎದುರಿಗೆ ಸಿಕ್ಕ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಎಷ್ಟು ಬೇಗ ಹಿಡಿದುಕೊಳ್ಳುತ್ತದೆ ಎಂಬ ಒಂದು ಸಂಖ್ಯೆಯ ಮೇಲೆ ಮುಂದಿನ ಲೆಕ್ಕವೆಲ್ಲ ನಿಂತಿರುತ್ತದೆ. ಆ ಅನಿಲ ಗಾಳಿಯಲ್ಲಿ ಮುಂದೆ ಏನೇನಾಗುತ್ತದೆ, ಯಾವ ರೂಪದಲ್ಲಿ ನೆಲಕ್ಕೆ ಮರಳುತ್ತದೆ ಎಂಬುದನ್ನು ತಿಳಿಯಬೇಕಾದವರು ಮೊದಲು ಈ ಸಂಖ್ಯೆಯನ್ನು ಕೇಳುತ್ತಾರೆ. ಅದನ್ನು ಅಳೆಯುವ ಯಂತ್ರ ಕಾಲೇಜಿನ ಹಿಂಬದಿಯ ಕತ್ತಲೆ ಕೋಣೆಯಲ್ಲಿತ್ತು. ಕಟ್ಟಿದವನು ಅದೇ ವಿಭಾಗದ ಹಿರಿಯ ಸಂಶೋಧನಾರ್ಥಿ ಬಕ್ಕೇಶ್.

ಬಕ್ಕೇಶ್ ಪಿ.ಜೆ. ಬಡಾವಣೆಯವನು. ಹಿಂದೆ ಹತ್ತಿ ವ್ಯಾಪಾರ ಮಾಡಿದ ಮನೆತನ. ತಂದೆ ಹಾಲೇಶಪ್ಪ ತೀರಿಕೊಂಡ ಮೇಲೆ ಅಣ್ಣ ಅಂಗಡಿ ನೋಡಿಕೊಂಡ, ತಮ್ಮ ಓದನ್ನು ನೋಡಿಕೊಂಡ. ಆ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರೂ ಬಾಯಿಗೆ ನೀರು ಹಾಕುತ್ತಿರಲಿಲ್ಲ. ತಾಯಿ ನಿರ್ಮಲಮ್ಮ, ಅಣ್ಣ, ಅತ್ತಿಗೆ ರೂಪಶ್ರೀ ತುಂಬಿದ ಮನೆಯಲ್ಲಿ ಬಕ್ಕೇಶನೊಬ್ಬ ಊಟದ ಹೊತ್ತಿಗೆ ಸಿಗುತ್ತಿರಲಿಲ್ಲ. ಗಾಜಿನ ಕೊಳವೆ, ನಿರ್ವಾತ ಪಂಪು, ಮಿಂಚುದೀಪ, ಹಳೆಯದೊಂದು ಆಸಿಲೋಸ್ಕೋಪ್ ಎಲ್ಲವನ್ನೂ ಅಲ್ಲಲ್ಲಿಂದ ಕೂಡಿಹಾಕಿ ಅವನು ಯಂತ್ರ ನಿಲ್ಲಿಸಿದ್ದ. ಗಾಜಿನ ಕೋಶದಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡಿನ ಆವಿ ತುಂಬಬೇಕು, ಅಳತೆಯ ಆಮ್ಲಜನಕ ಬಿಡಬೇಕು, ಜೊತೆಗೆ ಸಾರಜನಕ ಸೇರಿಸಬೇಕು, ದೀಪ ಮಿಂಚಿಸಬೇಕು. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಡಿಮೆ ಹೊತ್ತಿನಲ್ಲಿ ರ‍್ಯಾಡಿಕಲ್ ಹುಟ್ಟಿ, ಆಮ್ಲಜನಕವನ್ನು ಸೇರಿ, ಇಲ್ಲವಾಗುತ್ತದೆ. ಆ ಇಳಿತವನ್ನು ಆಸಿಲೋಸ್ಕೋಪಿನ ಪರದೆಯ ಮೇಲಿನ ಗೆರೆಯಾಗಿ ಹಿಡಿದಿಡಬೇಕು.

"ಕದ ಹಾಕವ್ವಾ ಯಶೋದಾ. ಬೆಳಕು ಬಂದ್ರೆ ನಮ್ಮ ರ‍್ಯಾಡಿಕಲ್ ನಾಚಿಕೊಳ್ತಾವೆ."

"ನಾಚಿಕೊಳ್ಳಾಕೆ ಅವೇನು ಮದುವಣಗಿತ್ತಿಯರೇನು ಬಕ್ಕೇಶಣ್ಣ?"

"ಆಕ್ಸಿಜನ್ ಕಂಡ ಕೂಡ್ಲೆ ಕೈ ಹಿಡೀತಾವಲ್ಲ, ಮತ್ತೇನು ಅಂತೀ ಅದಕ್ಕೆ? ಯಾವ ಹೊತ್ತಿಗೆ ಹಿಡಿದ್ವು ಅಂತ ಬರಕೊಳ್ಳೋದು ಅಷ್ಟೇ ನಮ್ಮ ಕೆಲ್ಸ. ಕಲ್ಯಾಣಮಂಟಪದ ಮ್ಯಾನೇಜರ್ ಇದ್ದಂಗೆ."

"ಮ್ಯಾನೇಜರಿಗೆ ಊಟನಾದ್ರೂ ಸಿಗ್ತೈತೆ."

"ಅಮ್ಮ ರೊಟ್ಟಿ ಕಟ್ಟ್ಯಾಳೆ, ಚೀಲದಾಗೈತೆ. ಪುಂಡಿಪಲ್ಯ ನಂಗೆ ಸ್ವಲ್ಪ ಉಳಿಸು, ಎಲ್ಲಾ ಬಳಕೋಬ್ಯಾಡ."

ಹೀಗೆ ಮಾತಾಡುತ್ತಲೇ ಬಕ್ಕೇಶ್ ಬೆಳಗಿನ ಮೊದಲ ಕೆಲಸ ಮುಗಿಸುತ್ತಿದ್ದ. ಒತ್ತಡ ತೋರಿಸುವ ಗೇಜು ಹಳೆಯದು, ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅದರ ಮುಳ್ಳು ಅತ್ತಿತ್ತ ಸರಿದಿರುತ್ತಿತ್ತು. ಪಂಪು ಹಾಕಿ ಗಾಳಿಯನ್ನೆಲ್ಲ ಎಳೆದು ಮುಳ್ಳನ್ನು ಸೊನ್ನೆಗೆ ನಿಲ್ಲಿಸುವನು. ಆಮೇಲೆ ಕವಾಟ ತೆರೆದು ಕೋಣೆಯ ಗಾಳಿಯನ್ನೇ ಒಳಗೆ ಬಿಟ್ಟು, ಸಣ್ಣ ತಿರುಪು ತಿರುಗಿಸಿ ಮುಳ್ಳನ್ನು ಏಳುನೂರ ಅರವತ್ತಕ್ಕೆ ತರುವನು. ವಾಯುಮಂಡಲದ ಒತ್ತಡ ಏಳುನೂರ ಅರವತ್ತು ಮಿಲಿಮೀಟರ್ ಪಾದರಸ ಎಂದು ಹೈಸ್ಕೂಲಿನಿಂದ ಎಂ.ಎಸ್ಸಿ.ವರೆಗೆ ಎಲ್ಲ ಪುಸ್ತಕಗಳೂ ಹೇಳಿದ್ದವು. ಇಬ್ಬರಿಗೂ ಮಾರ್ಗದರ್ಶಕರಾದ ಪ್ರೊಫೆಸರ್ ವೀರೇಶ್ ಅವರಿಗೂ ಅವರ ಗುರುಗಳು ಹಾಗೆಯೇ ಕಲಿಸಿದ್ದರು. ಆ ವಿಭಾಗದಲ್ಲಿ ಗೇಜು ಮುಟ್ಟಿದವರೆಲ್ಲ ತಲೆಮಾರಿನಿಂದ ಮಾಡಿಕೊಂಡು ಬಂದದ್ದು ಅದನ್ನೇ. ಯಶೋದಾ ಸಹ ಅದನ್ನೇ ಕಲಿತಳು.

ಅಳತೆಗಳು ಮುಗಿದಾಗ ಬಕ್ಕೇಶನಿಗೆ ಸಿಕ್ಕ ಸಂಖ್ಯೆ ಹೊರದೇಶದ ಎರಡು ಪ್ರಯೋಗಾಲಯಗಳು ಪ್ರಕಟಿಸಿದ್ದಕ್ಕಿಂತ ನೂರಕ್ಕೆ ಹನ್ನೆರಡರಷ್ಟು ಕಡಿಮೆ ಬಂತು. ಅವನು ಮೊದಲು ನಂಬಲಿಲ್ಲ. ಕೋಶ ಬದಲಾಯಿಸಿ ನೋಡಿದ, ದೀಪ ಬದಲಾಯಿಸಿ ನೋಡಿದ, ಸಿಲಿಂಡರು ಬದಲಾಯಿಸಿ ನೋಡಿದ. ಬಿಂದುಗಳೆಲ್ಲ ಮತ್ತೆ ಅದೇ ಗೆರೆಯ ಮೇಲೆ ಬಂದು ಕುಳಿತವು. ಇಷ್ಟು ಅಚ್ಚುಕಟ್ಟಾದ ಅಳತೆ ತಪ್ಪಾಗಿರಲು ಸಾಧ್ಯವಿಲ್ಲ, ಹೊರಗಿನವರೇ ಎಲ್ಲೋ ಎಡವಿದ್ದಾರೆ ಎಂದು ವೀರೇಶ್ ಸಾರ್ ತೀರ್ಮಾನ ಕೊಟ್ಟರು. ಅಂದು ಬಕ್ಕೇಶ್ ಮನೆಗೆ ಹೋಗುವಾಗ ಪೇಡೆ ಒಯ್ದ. ತಾನು ಏನು ಕಂಡೆನೆಂದು ತಾಯಿಗೆ ವಿವರಿಸಲು ಬಹಳ ಹೆಣಗಿದ. ನಿರ್ಮಲಮ್ಮ ಅರ್ಥಮಾಡಿಕೊಂಡದ್ದು ಇಷ್ಟು: ಜಗತ್ತೆಲ್ಲ ಒಂದು ಹೇಳಿತ್ತು, ನನ್ನ ಮಗ ಅದನ್ನು ತಿದ್ದಿದ. ಬೀದಿಯಲ್ಲಿ ಎದುರಾದವರಿಗೆಲ್ಲ ಆಕೆ ಅದನ್ನೇ ಹೇಳಿದಳು.

ಇನ್ನು ಕೋಣೆಯ ವಿಷಯ. ಕಾರ್ಬನ್ ಟೆಟ್ರಾಕ್ಲೋರೈಡ್ ಯಕೃತ್ತಿಗೆ ವಿಷ. ಅದನ್ನು ಹೊರಗಿನಿಂದ ಯಾರೂ ಬಂದು ಹೇಳಬೇಕಾಗಿರಲಿಲ್ಲ, ವಿಭಾಗದ ಬಾಟಲಿಯ ಮೇಲೆಯೇ ಬರೆದಿತ್ತು. ಪಂಪಿನಿಂದ ಹೊರಬರುವ ಗಾಳಿಯನ್ನು ಕಿಟಕಿಯಾಚೆಗೆ ಎಳೆದುಹಾಕುವ ಎಕ್ಸಾಸ್ಟ್ ಫ್ಯಾನಿನ ಮೋಟಾರು ಸುಟ್ಟುಹೋಗಿತ್ತು. ದುರಸ್ತಿಗೆ ಬಕ್ಕೇಶ್ ವೀರೇಶ್ ಸಾರ್‌ಗೆ ಅರ್ಜಿ ಕೊಟ್ಟ, ಜ್ಞಾಪನ ಪತ್ರ ಕೊಟ್ಟ, ಮತ್ತೊಮ್ಮೆ ಕೊಟ್ಟ. ಅದೇ ವರ್ಷ ಕಾಲೇಜಿನ ಮುಂಬಾಗಿಲಿಗೆ ಗ್ರಾನೈಟಿನ ಕಮಾನು ಎದ್ದು ನಿಂತಿತು, ಪರಿಶೀಲನಾ ಸಮಿತಿಯವರ ಸ್ವಾಗತಕ್ಕೆ ಹುಲ್ಲುಹಾಸು ಬಂತು. ಒಂದು ಫ್ಯಾನಿನ ಮೋಟಾರು ಬರಲಿಲ್ಲ. ಬೆಳಕು ಒಳಗೆ ಬರಬಾರದೆಂದು ಕಿಟಕಿಗೆ ಕಪ್ಪು ಬಟ್ಟೆ ಬಿಗಿದಿದ್ದ ಆ ಕೋಣೆಯಲ್ಲಿ ಬಕ್ಕೇಶ್ ದಿನವೆಲ್ಲ ಇರುತ್ತಿದ್ದ. ಯಶೋದಾ ಪಾಠದ ನಡುವೆ ಬಿಡುವಾದಾಗ ಮಾತ್ರ ಬರುತ್ತಿದ್ದಳು.

ಒಂದು ಮಳೆಗಾಲದಲ್ಲಿ ಅವನ ಕಣ್ಣು ಹಳದಿಯಾಯಿತು. ಮನೆಯವರು ಕಾಮಾಲೆಯೆಂದು ಮೊದಲು ಹಳ್ಳಿಯ ಸೊಪ್ಪಿನ ಔಷಧಿ ಕೊಡಿಸಿದರು, ಪಥ್ಯ ಮಾಡಿಸಿದರು. ಹೊಟ್ಟೆ ಊದಿದ ಮೇಲೆ ಆಸ್ಪತ್ರೆಗೆ ಸೇರಿಸಿದರು. ವೈದ್ಯರು ಮೊದಲು ಕೇಳಿದ ಪ್ರಶ್ನೆ, "ಎಷ್ಟು ವರ್ಷದಿಂದ ಕುಡಿಯುತ್ತಾರೆ?" ಎಂದು. ಅವರ ತಪ್ಪಿಲ್ಲ, ಅಂಥ ರೋಗಿಗಳನ್ನು ಅವರು ದಿನವೂ ನೋಡುವವರು. ಆದರೆ ಪ್ರಶ್ನೆ ಕೇಳಿದ್ದು ವರಾಂಡದಲ್ಲಿ, ನೋಡಲು ಬಂದ ಬಳಗದ ಎದುರಿಗೆ. ರೋಗಿ ಉಳಿಯಲಿಲ್ಲ, ಪ್ರಶ್ನೆ ಮಾತ್ರ ಊರಲ್ಲಿ ಉಳಿಯಿತು. ಮರಣಕ್ಕೆ ಕಾರಣ ಯಕೃತ್ತಿನ ವೈಫಲ್ಯವೆಂದು ಬರೆದರು. ವೈಫಲ್ಯಕ್ಕೆ ಕಾರಣ ಏನೆಂದು ಯಾರೂ ಬರೆಯಲಿಲ್ಲ. ಬರೆಯದಿದ್ದುದನ್ನು ಇಲ್ಲಿಯೂ ಬರೆಯುವುದು ತರವಲ್ಲ. ಕೋಣೆಯ ಗಾಳಿಯನ್ನು ಯಾರೂ ಪರೀಕ್ಷಿಸಲಿಲ್ಲ ಎಂಬುದನ್ನು ಬರೆಯಬಹುದು, ಏಕೆಂದರೆ ಅದು ನಿಜ. ಬಕ್ಕೇಶನಿಗೆ ಆಗ ಮೂವತ್ಮೂರು ವರ್ಷ.

ಬಕ್ಕೇಶನ ಉತ್ತರಕ್ರಿಯೆಯ ಶಿವಗಣಾರಾಧನೆಯ ದಿನ ಯಶೋದಾ ಪಂಕ್ತಿಯಲ್ಲಿ ಕುಳಿತಿದ್ದಾಗ ಹಿಂದಿನ ಸಾಲಿನ ಹೆಂಗಸರ ಮಾತು ಕಿವಿಗೆ ಬಿತ್ತು.

"ಮುಚ್ಚಿದ ಕೋಣ್ಯಾಗೆ ದಿನಾ ಏನು ಮಾಡ್ತಿದ್ದ ಅಂತೀ? ಬಾಟ್ಲಿ ಇರ್ತಿದ್ವಂತೆ."

"ಇಂಥಾ ಮನೆತನದಾಗೆ ಹುಟ್ಟಿ! ನಿರ್ಮಲಕ್ಕನ ಮಕ ನೋಡಾಕಾಗಲ್ಲ ಬಿಡು."

ಬಡಿಸಿದ ಗೋಧಿ ಹುಗ್ಗಿಯನ್ನು ಯಶೋದಾ ಎಲೆಯ ಅಂಚಿಗೆ ಸರಿಸಿದಳು. ಬಾಟಲಿ ಇದ್ದದ್ದು ನಿಜ. ಅದರಲ್ಲಿ ಏನಿತ್ತೆಂದು ತಿರುಗಿ ಹೇಳಬೇಕೆನಿಸಿತು. ಹೇಳಿದರೆ ಆ ಹೆಂಗಸರಿಗೆ ತಿಳಿಯುವುದಾದರೂ ಏನು ಎಂದುಕೊಂಡು ಎದ್ದಳು. ಕೈತೊಳೆದು ಹೊರಟಾಗ ನಿರ್ಮಲಮ್ಮ ಅವಳನ್ನು ಒಳಕೋಣೆಗೆ ಕರೆದಳು. ಹಾಗೆ ಆ ಮನೆಯ ಒಳಕೋಣೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

"ಯಶೋದಾ, ಜನ ಏನೇನು ಅಂತಾರೆ ಅಂತ ನಂಗೆ ಗೊತ್ತೈತವ್ವಾ. ಅವನು ಏನು ಮಾಡ್ತಿದ್ದ ಅನ್ನೋದು ನಿಂಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅವನು ತಿದ್ದಿದ್ದು ಅಚ್ಚಾಗ್ಲಿ. ಅವನ ಹೆಸರು ಮೊದ್ಲು ಇರ್ಲಿ. ಅದನ್ನ ನಾನು ಕಟ್ಟು ಹಾಕಿಸಿ ಪಡಸಾಲ್ಯಾಗೆ ತೂಗು ಹಾಕ್ತೀನಿ. ಬಂದೋರು ನೋಡ್ಲಿ."

"ಮಾಡ್ತೀನ್ರಿ ಅಮ್ಮಾ," ಎಂದಳು ಯಶೋದಾ. ಆ ಮಾತು ಕೊಟ್ಟದ್ದೇ ಅವಳಿಗೆ ಮುಂದೆ ಹೊರಲಾರದ ಹೊರೆಯಾಯಿತು.

ವೀರೇಶ್ ಸಾರ್ ಸಹ ಲೇಖನ ಬೇಗ ಮುಗಿಸಿ ಎಂದರು. ಅವರ ಅವಸರಕ್ಕೆ ಕಾರಣ ಬೇರೆ. ಸಮಿತಿಯವರು ಮತ್ತೆ ಬರುವುದರೊಳಗೆ ವಿಭಾಗದ ಹೆಸರಿನಲ್ಲಿ ಒಂದು ಒಳ್ಳೆಯ ಪ್ರಕಟಣೆ ಬೇಕಾಗಿತ್ತು. ಯಶೋದಾ ಪಾಠ ಮುಗಿಸಿ ಕುಳಿತು ಬರೆದಳು. ಗೆರೆಗಳನ್ನು ಮತ್ತೆ ಎಳೆದಳು, ಲೆಕ್ಕಗಳನ್ನು ಮೊದಲಿನಿಂದ ಮಾಡಿದಳು. ಬಕ್ಕೇಶನ ಕೆಲಸದಲ್ಲಿ ಒಂದೇ ಒಂದು ಅಜಾಗರೂಕತೆ ಸಿಗಲಿಲ್ಲ. ಹೊರದೇಶದ ಎರಡು ಪ್ರಯೋಗಾಲಯಗಳು, ಒಂದಕ್ಕೊಂದು ಸಂಬಂಧವಿಲ್ಲದವು, ಒಂದೇ ತಪ್ಪನ್ನು ಹೇಗೆ ಮಾಡಿದವು ಎಂಬ ಪ್ರಶ್ನೆಗೆ ಮಾತ್ರ ಅವಳಿಗೆ ಉತ್ತರ ಸಿಗಲಿಲ್ಲ. ಅದನ್ನು ಬಿಟ್ಟು ಲೇಖನ ಮುಗಿದಿತ್ತು.

ಉತ್ತರ ಸಿಕ್ಕಿದ್ದು ದಾವಣಗೆರೆಯ ರೈಲು ನಿಲ್ದಾಣದಲ್ಲಿ. ಹರಿಹರದ ಕಡೆಯ ಪ್ಯಾಸೆಂಜರ್ ತಡವಾಗಿತ್ತು. ಪ್ಲಾಟ್‌ಫಾರಂನ ತುದಿಯಲ್ಲಿ ಊರಿನ ಹೆಸರಿನ ಹಳದಿ ಹಲಗೆಯ ಬುಡದಲ್ಲಿ ಯಶೋದಾ ಕುಳಿತಿದ್ದಳು. ಪಕ್ಕದಲ್ಲಿ ಮಾರೆಮ್ಮ. ಹರಿಹರದಿಂದ ಸೊಪ್ಪು ತಂದು ಮಾರಿ ಖಾಲಿ ಬುಟ್ಟಿಯೊಂದಿಗೆ ಮರಳುವ ಹೆಂಗಸು, ದಿನದ ಸಹಪ್ರಯಾಣಿಕಳು.

"ಮೇಡಮ್ಮಾರೆ, ಊರ ಹೆಸ್ರಿನ ಕೆಳಗೆ ಸಣ್ಣಗೆ ಏನೋ ಬರ್ದಾರಲ್ಲ, ಏನದು? ನಮ್ಮೂರ ಹಲಗ್ಯಾಗೂ ಐತೆ."

"ಸಮುದ್ರಕ್ಕಿಂತ ಈ ಊರು ಎಷ್ಟು ಎತ್ರ ಐತೆ ಅಂತ ಬರ್ದಾರೆ ಮಾರೆಮ್ಮಾ."

"ಸಮುದ್ರಾನ? ಈ ಊರಿಗೂ ಸಮುದ್ರಕ್ಕೂ ಏನು ಬೀಗತನ ತಾಯಿ? ನಳದಾಗ ನೀರು ಬಿಟ್ರೆ ಸಾಕಾಗೈತೆ ಇಲ್ಲಿ!"

ಯಶೋದಾ ನಕ್ಕಳು. ನಗುತ್ತಲೇ ತಲೆಯೆತ್ತಿ ಹಲಗೆಯನ್ನು ನೋಡಿದಳು. ಆರುನೂರು ಮೀಟರಿನ ಆಸುಪಾಸಿನ ಸಂಖ್ಯೆ. ನಗು ಅಲ್ಲಿಗೇ ನಿಂತಿತು. ಏಳುನೂರ ಅರವತ್ತು ಸಮುದ್ರಮಟ್ಟದ ಒತ್ತಡ. ಮೇಲೇರಿದಂತೆ ತಲೆಯ ಮೇಲಿನ ಗಾಳಿ ಕಡಿಮೆಯಾಗುತ್ತದೆ, ಒತ್ತಡ ಇಳಿಯುತ್ತದೆ. ಅವಳೇ ಅದನ್ನು ಮಕ್ಕಳಿಗೆ ಪಾಠ ಮಾಡಿದ್ದಳು, ಉದಾಹರಣೆಗೆ ಹಿಮಾಲಯವನ್ನು ಕೊಟ್ಟಿದ್ದಳು. ದಾವಣಗೆರೆಯನ್ನು ಯಾರು ಬೆಟ್ಟವೆಂದುಕೊಳ್ಳುತ್ತಾರೆ? ನಾಲ್ಕೂ ದಿಕ್ಕಿಗೆ ಬಯಲು, ಮೆಕ್ಕೆಜೋಳದ ಹೊಲ, ಅಂಗೈಯಂತೆ ಸಪಾಟು. ಆ ಸಪಾಟು ನೆಲವೇ ಸಮುದ್ರಕ್ಕಿಂತ ಆರುನೂರು ಮೀಟರ್ ಮೇಲಿದೆ ಎಂಬುದು ವಿಭಾಗದಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

ರೈಲು ಬಂತು. ಮಾರೆಮ್ಮ ಕೈ ಹಿಡಿದು ಎಬ್ಬಿಸದಿದ್ದರೆ ಯಶೋದಾ ಅಲ್ಲಿಯೇ ಕುಳಿತಿರುತ್ತಿದ್ದಳು.

ಮರುದಿನ ಅವಳು ನೇರವಾಗಿ ಭೌತಶಾಸ್ತ್ರ ವಿಭಾಗಕ್ಕೆ ಹೋದಳು. ಅಲ್ಲಿನ ಉಪನ್ಯಾಸಕಿ ಸುಮಾ ಅವಳ ಗೆಳತಿ. ಪಾದರಸದ ಹಳೆಯ ವಾಯುಭಾರಮಾಪಕವೊಂದು ಆ ವಿಭಾಗದ ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಅದರ ಮುಂದೆ ಕ್ಯಾಲೆಂಡರ್ ತೂಗುಹಾಕಿದ್ದರು. ಅಟೆಂಡರ್ ಮಸ್ತಾನಸಾಬ್ ಕ್ಯಾಲೆಂಡರ್ ಸರಿಸಿ ಧೂಳು ಒರೆಸಿಕೊಟ್ಟ.

"ಯಾಕೇ, ಮಳೆ ಬರ್ತೈತೇನು ಅಂತ ನೋಡಾಕೆ ಬಂದ್ಯಾ?" ಎಂದಳು ಸುಮಾ. "ಎಷ್ಟೈತೆ ಅಂತ ಬಾಯಾಗೇ ಹೇಳ್ತೀನಿ. ಎಪ್ಪತ್ತೊಂದರ ಹತ್ರ ಇರ್ತೈತೆ ಯಾವಾಗ್ಲೂ."

"ಸೆಂಟಿಮೀಟರಾ?"

"ಮತ್ತೇನು ಮೊಳಾನಾ? ಯಾಕೆ, ಏನಾತು? ಮಕ ಯಾಕೆ ಹಂಗಾತು ನಿಂದು?"

ಎಪ್ಪತ್ತೊಂದು ಸೆಂಟಿಮೀಟರಿಗೂ ಸ್ವಲ್ಪ ಕೆಳಗೆ. ಯಶೋದಾ ಮತ್ತೆ ಮತ್ತೆ ಓದಿದಳು. ಅಂದರೆ, ಏಳುನೂರ ಎಂಟು ಮಿಲಿಮೀಟರ್ ಇರುವಲ್ಲಿ ಏಳುನೂರ ಅರವತ್ತೆಂದು ಗೇಜಿನಿಂದ ಹೇಳಿಸುತ್ತ ಬರಲಾಗಿತ್ತು. ಕೋಶಕ್ಕೆ ಬಿಟ್ಟ ಆಮ್ಲಜನಕವೆಲ್ಲ ಇದ್ದದ್ದಕ್ಕಿಂತ ನೂರಕ್ಕೆ ಏಳರಷ್ಟು ಹೆಚ್ಚಾಗಿ ಕಂಡಿತ್ತು, ಆದ್ದರಿಂದ ವೇಗದ ಸಂಖ್ಯೆ ಕಡಿಮೆ ಬಂದಿತ್ತು. ಜೊತೆಗೆ ತುಂಬಿದ ಸಾರಜನಕದ ಅಳತೆಯೂ ಅದೇ ಗೇಜಿನದು. ಈ ಸಂಯೋಗದ ವೇಗ ಆ ಒತ್ತಡವನ್ನೂ ಅವಲಂಬಿಸುವುದರಿಂದ ತಪ್ಪು ಎರಡು ದಾರಿಯಿಂದ ಸೇರಿ ಹನ್ನೆರಡಾಗಿತ್ತು. ಅವಳು ಎಲ್ಲ ಲೆಕ್ಕವನ್ನೂ ಮತ್ತೊಮ್ಮೆ ಮಾಡಿದಳು. ತಿದ್ದಿದ ಸಂಖ್ಯೆ ಹೊರದೇಶದವರ ಸಂಖ್ಯೆಗೆ ತೀರ ಸಮೀಪ ಬಂದು ನಿಂತಿತು. ಜಗತ್ತು ಎಡವಿರಲಿಲ್ಲ. ಬಕ್ಕೇಶ್ ತಿದ್ದಿದೆನೆಂದುಕೊಂಡದ್ದರಲ್ಲಿ ಕಂಡದ್ದು ದಾವಣಗೆರೆಯ ಎತ್ತರ, ಅಷ್ಟೇ.

ವೀರೇಶ್ ಸಾರ್ ಕೇಳಿಸಿಕೊಂಡರು. ಎದುರಿನ ಕುರ್ಚಿ ತೋರಿಸಿದರು.

"ಕೂಡ್ರಿ ಯಶೋದಾ. ಇದನ್ನ ಹುಡುಕ್ರಿ ಅಂತ ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳ್ಲಿಲ್ಲ ಸಾರ್. ಕಂಡ ಮೇಲೆ ಬಿಡಾಕಾಗ್ಲಿಲ್ಲ."

"ತಿದ್ದಿದ್ರೆ ಇದ್ರಾಗೆ ಹೊಸದು ಏನು ಉಳೀತೈತೆ? ಏನೂ ಇಲ್ಲ. ಯಾವ ಪತ್ರಿಕೆಯವ್ರೂ ತಗೊಳ್ಳಲ್ಲ. ಹಂಗೇ ಕಳಿಸಿದ್ರೆ ತಗೊಳ್ತಾರೆ. ಓದೋರು ದಾವಣಗೆರೆ ಎಷ್ಟು ಎತ್ರ ಐತೆ ಅಂತ ಅಳತೆ ಮಾಡಾಕೆ ಬರ್ತಾರೇನ್ರಿ?"

"ತಪ್ಪು ಅಂತ ಗೊತ್ತಿದ್ದೂ ಸಾರ್..."

"ನಂಗೇನು ಗೊತ್ತೈತೆ? ನೀವು ಹೇಳೋವರೆಗೂ ನಂಗೆ ಗೊತ್ತಿರ್ಲಿಲ್ಲ, ನೀವು ಹೇಳೇ ಇಲ್ಲ ಅಂದ್ಕೊಳ್ರಿ." ಆಮೇಲೆ ಅವರು ದನಿ ತಗ್ಗಿಸಿದರು. "ಆ ಹುಡುಗ ಸತ್ತಾನೆ. ಅವನ ತಾಯಿ ನನ್ನ ಹತ್ರನೂ ಬಂದಿದ್ರು. ಅವನ ಹೆಸರು ಉಳೀಲಿ ಅಂತ ನಿಮಗೆ ಅನ್ಸಲ್ವಾ?"

ಅದೊಂದು ಮಾತು ಅವಳನ್ನು ಅಲುಗಿಸಿತು. ಅನಿಸುತ್ತಿತ್ತು, ಅವರಿಗಿಂತ ಹೆಚ್ಚಾಗಿ ಅನಿಸುತ್ತಿತ್ತು. ಫ್ಯಾನಿನ ಮೋಟಾರು ಹಾಕಿಸದವರ ಬಾಯಿಂದ ಆ ಮಾತು ಬಂದದ್ದರಿಂದ ಸಿಟ್ಟೂ ಬಂತು. ಆದರೆ ಸಿಟ್ಟು ಬೇರೆ, ನಿರ್ಧಾರ ಬೇರೆ. ಆ ಸಂಖ್ಯೆ ಅಚ್ಚಾದರೆ ಮುಂದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಂಥ ಸಂಖ್ಯೆಗಳನ್ನು ಬೇರೊಬ್ಬರು ಮತ್ತೆ ಅಳೆಯುತ್ತಾರೆ. ಅಳೆದು, ಎಲ್ಲರದೂ ಹೊಂದುತ್ತದೆ, ಬಕ್ಕೇಶನದೊಂದು ಹೊಂದುವುದಿಲ್ಲ, ಅದನ್ನು ಕೈಬಿಡಬಹುದು ಎಂದು ಬರೆಯುತ್ತಾರೆ. ಆಮೇಲೆ ಬರುವವರೂ ಅದನ್ನೇ ಬರೆಯುತ್ತಾರೆ. ಅವನ ಹೆಸರು ಉಳಿಯುತ್ತದೆ, ಆದರೆ ಕೈಬಿಡಬೇಕಾದ ಹೆಸರಾಗಿ ಉಳಿಯುತ್ತದೆ.

"ಇದ್ದಿದ್ರೆ ಅವ್ರೇ ತಿದ್ತಿದ್ರು ಸಾರ್," ಎಂದಳು. "ಈಗ ಅವ್ರಿಗೆ ಆಗಲ್ಲ."

"ಹಂಗಾದ್ರೆ ನನ್ನ ಹೆಸರು ತೆಗೀರಿ. ಏನಾದ್ರೂ ಮಾಡ್ಕೊಳ್ರಿ."

ಅವಳು ತೆಗೆದಳು. ಗೇಜು ಹೊಂದಿಸಿದ ರೀತಿಯನ್ನು, ಅದರಲ್ಲಿದ್ದ ತಪ್ಪನ್ನು, ತಿದ್ದಿದ ಬಗೆಯನ್ನು ಮುಚ್ಚುಮರೆಯಿಲ್ಲದೆ ಬರೆದು, ಬಕ್ಕೇಶನ ಹೆಸರನ್ನು ಮೊದಲು ಹಾಕಿ ಕಳುಹಿಸಿದಳು. ಒಂದು ಪತ್ರಿಕೆ ಮರಳಿಸಿತು. ಇನ್ನೊಂದು ಪತ್ರಿಕೆಯೂ ಮರಳಿಸಿತು. ಕೆಲಸ ಶ್ರದ್ಧೆಯದು, ಆದರೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತದೆ ಎಂಬುದು ಎರಡೂ ಪತ್ರಿಕೆಗಳ ಅಭಿಪ್ರಾಯ. ಮುಂದಿನ ಅವಧಿಯ ಅತಿಥಿ ಉಪನ್ಯಾಸಕರ ಹೆಸರುಗಳು ಪ್ರಕಟವಾದಾಗ ಯಶೋದಾಳ ಹೆಸರು ಅದರಲ್ಲಿ ಇರಲಿಲ್ಲ. ವೀರೇಶ್ ಸಾರ್ ಮಾತು ಮೀರಿದ್ದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಹೇಳಲು ದಾಖಲೆಯಿಲ್ಲ. ಸಂಬಂಧವಿಲ್ಲವೆಂದು ನಂಬಲು ಕಾರಣವೂ ಇಲ್ಲ. ಕತ್ತಲೆ ಕೋಣೆಯನ್ನು ತೆರವು ಮಾಡಿ, ಯಂತ್ರವನ್ನು ಗುಜರಿಯ ಬಡೇಸಾಬನಿಗೆ ತೂಕಕ್ಕೆ ಹಾಕಿದರು. ಗಾಜು ತನಗೆ ಬೇಡವೆಂದು ಅವನು ಅಲ್ಲಿಯೇ ಒಡೆದುಹಾಕಿದ.

ನಿರ್ಮಲಮ್ಮನಿಗೆ ಹೇಳುವುದು ಉಳಿದಿತ್ತು. ಯಶೋದಾ ಮುಂದೂಡಿದಳು. ಪೇಟೆಗೆ ಬಂದರೆ ಪಿ.ಜೆ. ಬಡಾವಣೆಯ ಆ ರಸ್ತೆಯನ್ನು ಬಿಟ್ಟು ಎಂ.ಸಿ.ಸಿ. ಬಡಾವಣೆಯ ಕಡೆಯಿಂದ ಸುತ್ತಿ ಹೋದಳು. ಅಲ್ಲಿ ಒಂದು ಟ್ಯೂಷನ್ ಕೇಂದ್ರದಲ್ಲಿ ಪಿ.ಯು.ಸಿ. ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಕೊನೆಗೆ ರೂಪಶ್ರೀಯೇ ಫೋನು ಮಾಡಿದಳು. "ಅತ್ತೆ ದಿನಾ ಕೇಳ್ತಾರ್ರಿ. ಒಂದ್ಸಲ ಬಂದು ಹೋಗ್ರಿ."

ಹೋದಾಗ ನಿರ್ಮಲಮ್ಮ ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಗೋಡೆಯ ಮೇಲೆ ಬಕ್ಕೇಶನ ಫೋಟೋ, ಹಣೆಗೆ ವಿಭೂತಿ. ಅದರ ಪಕ್ಕ ಒಂದು ಮೊಳೆ ಹೊಡೆಸಿ ಜಾಗ ಬಿಡಿಸಿದ್ದಳು.

"ಬಂದ್ಯಾ ಮಗಳೇ, ಬಾ. ಅಚ್ಚಾತೇನವ್ವಾ?"

"ಇಲ್ರಿ ಅಮ್ಮಾ. ಅಚ್ಚಾಗಲ್ಲ."

ನಿರ್ಮಲಮ್ಮನ ಕೈ ನಿಂತಿತು. ಯಶೋದಾ ಎಲ್ಲವನ್ನೂ ಹೇಳಿದಳು. ಸಮುದ್ರ, ಎತ್ತರ, ಗೇಜು, ತಿರುಪು. ಸುಲಭ ಮಾಡಿ ಹೇಳಿದಳು, ಆದರೆ ಸಿಹಿ ಮಾಡಿ ಹೇಳಲಿಲ್ಲ.

"ಹಂಗಾದ್ರೆ ನನ್ನ ಮಗ ತಪ್ಪು ಮಾಡಿದ್ನಾ?"

"ಒಂದು ತಪ್ಪು ಆತು ಅಮ್ಮಾ. ಅದನ್ನ ಎಲ್ರೂ ಮಾಡ್ತಿದ್ವಿ. ನಾನೂ ಮಾಡ್ತಿದ್ದೆ."

"ಅದನ್ನ ಕಂಡು ಹಿಡಿಯಾಕೆ ನೀನೇ ಆಗ್ಬೇಕಿತ್ತಾ?" ನಿರ್ಮಲಮ್ಮನ ದನಿ ಏರಿತು. "ಅವನ ಡಬ್ಬಿಯಾಗಿನ ರೊಟ್ಟಿ ತಿಂದೋಳು ನೀನು! ಬೇರೆ ಯಾರಾದ್ರೂ ಹೇಳಿದ್ರೆ ಸುಳ್ಳು ಅಂತ ಉಗಿದು ಕಳಿಸ್ತಿದ್ದೆ. ನಿನ್ನ ಹೆಂಗೆ ಉಗೀಲಿ?"

ಬಾಗಿಲ ಹಿಂದೆ ರೂಪಶ್ರೀ ಬಂದು ನಿಂತಳು, ಒಳಗೆ ಬರಲಿಲ್ಲ. ಯಶೋದಾ ತಲೆ ತಗ್ಗಿಸಿ ಕುಳಿತಳು. ಎದ್ದು ಹೋಗು ಎಂದಿದ್ದರೆ ಹೋಗುತ್ತಿದ್ದಳು. ನಿರ್ಮಲಮ್ಮ ಹಾಗೆನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

"ಉಳಿದದ್ದು?"

"ಉಳಿದದ್ದೆಲ್ಲ ಸರಿ ಐತ್ರಿ ಅಮ್ಮಾ. ಅಷ್ಟು ಚೊಕ್ಕ ಕೆಲ್ಸ ನಾನು ಬೇರೆ ಎಲ್ಲೂ ನೋಡಿಲ್ಲ."

"ತೋರ್ಸು."

ಯಶೋದಾ ಚೀಲದಿಂದ ಲೇಖನದ ಪ್ರತಿ ತೆಗೆದು ನಕ್ಷೆಯಿದ್ದ ಹಾಳೆ ತೋರಿಸಿದಳು. ಬಿಂದುಗಳೆಲ್ಲ ಒಂದೇ ಓರೆಗೆರೆಯ ಮೇಲೆ ಸಾಲಾಗಿ ಕುಳಿತಿದ್ದವು. ನಿರ್ಮಲಮ್ಮ ಕನ್ನಡಕ ಹಾಕಿಕೊಂಡು ಅವರೆಯ ಜಿಗುಟಿದ್ದ ಬೆರಳನ್ನು ಸೀರೆಗೆ ಒರೆಸಿ, ಒಂದೊಂದೇ ಬಿಂದುವನ್ನು ಮುಟ್ಟುತ್ತ ಹೋದಳು.

"ಇವನ್ನ ಅವನೇ ಇಟ್ಟಿದ್ನಾ?"

"ಒಂದೊಂದು ಚುಕ್ಕೆಗೂ ಗಾಳಿ ಎಷ್ಟು ಬಿಡ್ಬೇಕೋ ಅಷ್ಟನ್ನ ಅವ್ರೇ ಕೈಯಾಗೆ ತಿರುಪು ಹಿಡಿದು ಬಿಡ್ತಿದ್ರು ಅಮ್ಮಾ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದ್ರೂ ಚುಕ್ಕೆ ಗೆರೆ ಬಿಟ್ಟು ಹೋಗ್ತೈತೆ."

"ಅಂದ್ರೆ ಕೈ ನಡುಗಿಲ್ಲ."

"ಇಲ್ರಿ."

"ಕಡೇ ಕಡೇಗೆ ಮಾಡಿದ್ದೂ ಇದ್ರಾಗೈತಾ?"

"ಐತ್ರಿ. ಈ ತುದಿಯವು ಎಲ್ಲಾ ಕಡೇವು. ಆಸ್ಪತ್ರೆಗೆ ಸೇರೋಕೆ ಸ್ವಲ್ಪ ಮೊದ್ಲು ಮಾಡಿದ್ದು."

ನಿರ್ಮಲಮ್ಮನ ಬೆರಳು ಆ ತುದಿಯಲ್ಲಿ ನಿಂತಿತು. "ಕುಡಿಯೋನ ಕೈ ಹಿಂಗಿರ್ತಾವೇನು ಯಶೋದಾ?"

ಯಶೋದಾ ಸಮಾಧಾನಕ್ಕೆಂದು ಒಂದು ಮಾತನ್ನೂ ಹೆಚ್ಚಿಗೆ ಹೇಳಬಾರದೆಂದು ಗಟ್ಟಿಮಾಡಿಕೊಂಡೇ ಬಂದಿದ್ದಳು. ಆದ್ದರಿಂದ ಮನಸ್ಸಿನಲ್ಲಿ ಒಮ್ಮೆ ತೂಗಿ ನೋಡಿದಳು. ಇಳಿತದ ಗೆರೆಯನ್ನು ಹಿಡಿಯುವುದು ಯಂತ್ರ. ಅನಿಲ ಬಿಡುವುದು ಕೈ. ಗೇಜು ಹೇಳಿದ ಸಂಖ್ಯೆ ಸುಳ್ಳಾದರೂ, ಆ ಸುಳ್ಳು ಎಲ್ಲ ಬಿಂದುವಿಗೂ ಒಂದೇ ಪಾಲಿನದು, ಕೈ ನಡುಗಿದ್ದರೆ ಗೆರೆ ಉಳಿಯುತ್ತಿರಲಿಲ್ಲ.

"ಇರಲ್ರಿ ಅಮ್ಮಾ," ಎಂದಳು. "ಇದು ಕುಡಿಯೋರ ಕೈ ಅಲ್ಲ."

ನಿರ್ಮಲಮ್ಮ ತಲೆಯಾಡಿಸಿದಳು. ಹಾಳೆಯನ್ನು ಹಿಂದಕ್ಕೆ ಕೊಡಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಹೊರಗಿನ ರಸ್ತೆಯತ್ತ ನೋಡಿದಳು. ಅಲ್ಲಿ ಅವಳ ಬಳಗದ ಹೆಂಗಸರಿಬ್ಬರು ಮಾತಾಡುತ್ತ ಹೋಗುತ್ತಿದ್ದರು.

"ನಂಗೆ ತಿಳೀತವ್ವಾ," ಎಂದಳು. "ಇದನ್ನ ಒಯ್ದು ಯಾರಿಗೆ ತಿಳಿಸ್ಲಿ ಹೇಳು?"

ಯಶೋದಾ ಕೆಳಗೆ ಕುಳಿತು, ಬಿಡಿಸದೆ ಉಳಿದ ಅವರೆಕಾಯಿಯ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. ಇಬ್ಬರೂ ಕಾಯಿ ಬಿಡಿಸಿದರು. ಹರಿಹರದ ರೈಲಿನ ಹೊತ್ತು ಮೀರಿತು.